ಸಭೆಯವರು ದುಡ್ಡು ಹಾಕಿ ಕೊಂಡ ಜಾಗ ಯಾರದು? ತಿಳಿದವರು ದಯವಿಟ್ಟು ಹೇಳಿ

ಹೊಲದಬದು:

ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ. ನಾಲ್ಕು ದಿನದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನಮ್ಮದು ಮಿಷನರಿಗಳ ಕಾಲದ ಕ್ರೈಸ್ತ ಸಭೆ, ಅಂದರೆ ಒಂದು ಚರ್ಚಿಗೆ ಸೇರಿದ ಜನ. ಊರು, ಡಯಾಸಿಸ್ (ಬಿಷಪ್ಪರ ಆಡಳಿತದ ಪ್ರಾಂತ್ಯ) ಯಾವುದು ಅಂತ ಬರೆಯುವುದಿಲ್ಲ. ಬರೆದರೆ ನಮ್ಮ ಅಯ್ಯನವರಿಗೆ, ಅಂದರೆ ಪಾಸ್ಟರಿಗೆ, ತೊಂದರೆ ಆಗುತ್ತದೆ, ಅವರು ಒಳ್ಳೆಯ ಮನುಷ್ಯ. ಚರ್ಚ್ ಕಟ್ಟಡ ಇರುವುದು ಹಳೆಯ ಮಿಷನ್ ಕಾಂಪೌಂಡಿನಲ್ಲಿ. ಅದು ಮಿಷನ್ನಿನವರು ಕೊಂಡ ಜಾಗ, ಅದರ ಬಗ್ಗೆ ನನ್ನದು ಏನೂ ತಕರಾರಿಲ್ಲ. ನಾನು ಕೇಳುತ್ತಿರುವುದು ಅದರ ಪಕ್ಕದ 22 ಗುಂಟೆ ಬಗ್ಗೆ.

ಆ 22 ಗುಂಟೆಯನ್ನು 1963ರಲ್ಲಿ ನಮ್ಮ ಹಿರಿಯರು ಕೊಂಡರು. ಹೊರಗಿನವರು ಒಂದು ರೂಪಾಯಿ ಹಾಕಿಲ್ಲ. ಮೂರು ವರ್ಷದ ಸುಗ್ಗಿ ಹಬ್ಬದ ಹರಾಜಿನ ದುಡ್ಡು ಕೂಡಿಸಿ ಕೊಂಡದ್ದು. ಹಬ್ಬದ ದಿನ ಮನೆ ಮನೆಯಿಂದ ಜೋಳ, ಶೇಂಗಾ, ಕುಂಬಳಕಾಯಿ, ಕೋಳಿ ತರುತ್ತಾರೆ, ಆರಾಧನೆ ಮುಗಿದ ಮೇಲೆ ಹೊರಗೆ ಮರದ ಕೆಳಗೆ ಕೂಗಿ ಮಾರುತ್ತಾರೆ. ನಮ್ಮ ಅಜ್ಜ ಆಗ ಖಜಾಂಚಿ. ಅವರ ಕೈಬರಹದ ಹರಾಜಿನ ಪುಸ್ತಕ ನಮ್ಮ ಮನೆಯ ಟ್ರಂಕಿನಲ್ಲಿ ಇದೆ. ಒಂದು ಕುಂಬಳಕಾಯಿಯನ್ನು ಒಬ್ಬರು ಕೊಂಡು ತಿರುಗಿ ಸಭೆಗೇ ಕೊಟ್ಟು, ಅದನ್ನೇ ಮತ್ತೆ ಕೂಗಿ, ಮತ್ತೊಬ್ಬರು ಕೊಂಡು ಮತ್ತೆ ಕೊಟ್ಟು, ಹೀಗೆ ಐದು ಸಲ ಮಾರಿದ ಲೆಕ್ಕ ಅದರಲ್ಲಿದೆ. ಕೂಲಿ ಮಾಡುವ ಜನ ಅವರು.

ಆ ಜಾಗದಲ್ಲಿ ಮಕ್ಕಳ ಭಾನುವಾರದ ಶಾಲೆ ನಡೆಯುತ್ತದೆ. ಮದುವೆ ಊಟ ಅಲ್ಲೇ. ಹೋದ ಮಂಗಳವಾರ ಇಬ್ಬರು ಟೇಪ್ ಹಿಡಿದು ಅಳೆಯುತ್ತಿದ್ದರು. ಕೇಳಿದರೆ, ನಿಮ್ಮ ಮೇಲಿನ ಆಫೀಸಿನವರು ನಮಗೆ 30 ವರ್ಷಕ್ಕೆ ಲೀಸ್ ಕೊಟ್ಟಿದ್ದಾರೆ, ಅಂಗಡಿ ಮಳಿಗೆ ಕಟ್ಟುತ್ತೇವೆ ಅಂದರು. ಸಭಾ ಕಮಿಟಿಗೆ ಒಂದು ಪತ್ರ ಬಂದಿಲ್ಲ. ಅಯ್ಯನವರಿಗೂ ಗೊತ್ತಿಲ್ಲ. ಆಫೀಸಿಗೆ ಫೋನ್ ಮಾಡಿದರೆ "ಆಸ್ತಿ ಎಲ್ಲ ನಮ್ಮ ಟ್ರಸ್ಟಿನ ಹೆಸರಲ್ಲಿದೆ, ನೀವು ಆರಾಧನೆ ನೋಡಿಕೊಳ್ಳಿ" ಅಂದರು.

ಆ ಮಾತು ನನಗೆ ತುಂಬಾ ನೋವಾಯಿತು. ಹುಡುಗರು ಗೇಟಿಗೆ ಬೀಗ ಹಾಕೋಣ ಅನ್ನುತ್ತಿದ್ದಾರೆ. ಇನ್ನೂ ಕೆಲವರು, ಡಯಾಸಿಸ್ ಬಿಟ್ಟು ಸ್ವತಂತ್ರ ಸಭೆ ಆಗೋಣ, ಹತ್ತರಲ್ಲಿ ಒಂಬತ್ತು ಮನೆ ನಮ್ಮ ಕಡೆ ಇವೆ, ಜಾಗ ನಮ್ಮ ಜೊತೆಗೇ ಬರುತ್ತದೆ ಅನ್ನುತ್ತಾರೆ. ಬರುತ್ತದಾ? ದುಡ್ಡು ಹಾಕಿದವರಿಗೆ ಹಕ್ಕಿಲ್ಲವಾ?

ಹಳೇದಸ್ತಾವೇಜು:

ವಂದನೆ. ನಾನು 31 ವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ದೇವಸ್ಥಾನ, ಮಸೀದಿ, ಚರ್ಚು, ಎಲ್ಲರ ಪತ್ರಗಳೂ ನನ್ನ ಕೈಯಲ್ಲಿ ದಾಟಿವೆ.

ತಮ್ಮಾ, ಮೊದಲು ಒಂದು ಮಾತು. ಆ ಕ್ರಯಪತ್ರವನ್ನು ನೀವು ಕಣ್ಣಾರೆ ನೋಡಿದ್ದೀರಾ? ನೀವು ಬರೆದದ್ದರಲ್ಲಿ ಹರಾಜಿನ ಪುಸ್ತಕ ಇದೆ, ಫೋನಿನ ಮಾತು ಇದೆ, ಪತ್ರ ಮಾತ್ರ ಇಲ್ಲ. ಮೇಲಿನ ಆಫೀಸಿನವರು ಟ್ರಸ್ಟಿನ ಹೆಸರಲ್ಲಿದೆ ಅಂದರೆ ಅದು ಬರೀ ಬಾಯಿ ಮಾತು. ನಿಮ್ಮ ಊರಿನವರು ನಮ್ಮದು ಅಂದರೂ ಅಷ್ಟೇ.

ಮಿಷನ್ ಕಾಲದ ಸಭೆಗಳ ಜಾಗ ನಾನು ನೋಡಿದ ಮಟ್ಟಿಗೆ ನಾಲ್ಕು ಥರ ಇರುತ್ತದೆ. ವಿದೇಶಿ ಮಿಷನ್ ಸೊಸೈಟಿಯ ಹೆಸರಲ್ಲೇ ಉಳಿದಿರುವುದು ಒಂದು. ಆಮೇಲೆ ಬಂದ, ಸಭೆಗಳ ಕೇಂದ್ರ ಸಂಸ್ಥೆಯ ಟ್ರಸ್ಟ್ ಅಸೋಸಿಯೇಷನ್ ಹೆಸರಿಗೆ ವರ್ಗವಾದದ್ದು ಇನ್ನೊಂದು. ಇವೆರಡೂ ಜಾಸ್ತಿ. ಮೂರನೆಯದು "ಇಂಥಾ ಊರಿನ ಸಭೆಯ ಪರವಾಗಿ ಹಿರಿಯರಾದ ಇಂಥವರು" ಅಂತ ಬರೆಸಿದ್ದು. ನಾಲ್ಕನೆಯದು ತೊಂದರೆಯದು. ಯಾರೋ ಒಬ್ಬ ನಂಬಿಕಸ್ಥ ಹಿರಿಯರ ಸ್ವಂತ ಹೆಸರಲ್ಲಿ ಬರೆಸಿರುತ್ತಾರೆ, ಅವರು ತೀರಿಕೊಂಡ ಮೇಲೆ ಮೊಮ್ಮಕ್ಕಳು ಪಾಲು ಕೇಳಿಕೊಂಡು ಬರುತ್ತಾರೆ. 1963ರಲ್ಲಿ ಸಭೆಯವರೇ ಕೊಂಡದ್ದು ಅಂದರೆ ನಿಮ್ಮದು ಮೂರನೆಯದೋ ನಾಲ್ಕನೆಯದೋ ಆಗಿರುವ ಸಾಧ್ಯತೆ ಇದೆ. ಆದರೆ ಆಮೇಲೆ ಯಾವಾಗಲಾದರೂ ಯಾರೋ ಕೇಂದ್ರದ ಹೆಸರಿಗೆ ಬರೆದುಕೊಟ್ಟಿದ್ದರೆ ಅದೂ ನೋಡಬೇಕು.

ಹೀಗೆ ಮಾಡಿ. ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ, ಊರೊಳಗಿನ ಜಾಗ ಆದರೆ ಖಾತಾ ನಕಲು. ಅದರಲ್ಲಿ ಯಾರ ಹೆಸರಿದೆ ಅಂತ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಖಾತಾ ಇರುವುದು ಕಂದಾಯ ಕಟ್ಟುವುದಕ್ಕೆ. ಮಾಲೀಕತ್ವ ಹೇಳುವುದು ಕ್ರಯಪತ್ರ. ಆಮೇಲೆ ಇಸಿಗೆ, ಅಂದರೆ ಋಣಭಾರ ಪತ್ರಕ್ಕೆ, ಅರ್ಜಿ ಹಾಕಿ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆನ್‌ಲೈನ್ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಆಫೀಸಿಗೇ ಹೋಗಿ ಕೈಯಲ್ಲಿ ಹುಡುಕಿಸಬೇಕು, ಎರಡು ಮೂರು ಸಲ ಅಲೆಯಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. 1963ರ ಪತ್ರದ ದೃಢೀಕೃತ ನಕಲು ಕೇಳಿ. ಸ್ಥಿರಾಸ್ತಿಯ ಪತ್ರ ಇರುವ 1ನೇ ಪುಸ್ತಕವನ್ನು ಯಾರು ಬೇಕಾದರೂ ಫೀಸು ಕಟ್ಟಿ ನೋಡಬಹುದು, ನಕಲು ಪಡೆಯಬಹುದು. ನೋಂದಣಿ ಕಾಯಿದೆಯಲ್ಲೇ ಇದೆ, 57ನೇ ಕಲಮು. ನೀವು ಯಾರು, ನಿಮಗೇಕೆ ಬೇಕು ಅಂತ ಯಾರೂ ಕೇಳುವ ಹಾಗಿಲ್ಲ.

ಲೀಸಿನ ವಿಷಯ ಇನ್ನೂ ಸುಲಭ. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸ್ ನೋಂದಣಿ ಆಗಲೇಬೇಕು. ಬಾಡಿಗೆ ಕರಾರು 11 ತಿಂಗಳಿಗೆ ಮಾಡುವುದು ಅದಕ್ಕೇ ಅಲ್ವಾ. 30 ವರ್ಷದ ಲೀಸ್ ನಿಜವಾಗಿ ಆಗಿದ್ದರೆ ಇಸಿಯಲ್ಲಿ ನಮೂನೆ 15ರಲ್ಲಿ ಕಾಣುತ್ತದೆ. ನಮೂನೆ 16 ಬಂದರೆ ಆ ಅವಧಿಯಲ್ಲಿ ಏನೂ ನೋಂದಣಿ ಆಗಿಲ್ಲ ಅಂತ ಅರ್ಥ.

ಬೀಗ ಹಾಕಬೇಡಿ. ಮೊದಲು ಪತ್ರ.

ಬಾಡಿಗೆಮನೆ_ಬೆಂಗಳೂರು:

ಬ್ರದರ್, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ "ಸ್ವತಂತ್ರ ಸಭೆ ಆಗೋಣ" ಅನ್ನುವವರಿಗೆ ನನ್ನ ಅನುಭವ ಹೇಳಲೇಬೇಕು.

ನಾನು 17 ವರ್ಷ ಒಂದು ಸ್ವತಂತ್ರ ಸಭೆಯಲ್ಲಿದ್ದೆ. ಬಿಷಪ್ ಇಲ್ಲ, ಡಯಾಸಿಸ್ ಇಲ್ಲ, ಎಲ್ಲಾ ನಮ್ಮದೇ ಅಂತ ಸಂತೋಷ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಅಕ್ಕಂದಿರು, ಆಟೋ ಓಡಿಸುವವರು, ಎಲ್ಲರೂ ದಶಮಾಂಶ, ಅಂದರೆ ಸಂಪಾದನೆಯ ಹತ್ತರಲ್ಲಿ ಒಂದು ಪಾಲು, ಕೊಟ್ಟು ಒಂದು ಸೈಟ್ ತೆಗೆದುಕೊಂಡೆವು. ನನ್ನ ಹೆಂಡತಿ ಎರಡು ಬಳೆ ಕೊಟ್ಟಳು. ಸೈಟ್ ರಿಜಿಸ್ಟ್ರೇಷನ್ ದಿನ ಯಾರ ಹೆಸರಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದರೆ ಅನುಮಾನ ಪಟ್ಟ ಹಾಗೆ ಆಗುತ್ತದೆ ಅಂತ ಸುಮ್ನೆ ಇದ್ದೆವು. ಪಾಸ್ಟರ್ ಸ್ವಂತ ಹೆಸರಲ್ಲಿ ಆಯಿತು. ಅವರು ಬದುಕಿರುವ ತನಕ ಏನೂ ತೊಂದರೆ ಇರಲಿಲ್ಲ, ಅವರು ಪ್ರಾಮಾಣಿಕರು ಅಂತ ಈಗಲೂ ಹೇಳುತ್ತೇನೆ. ಅವರು ತೀರಿಕೊಂಡ ಎರಡು ವರ್ಷಕ್ಕೆ ಮಕ್ಕಳು ಮಾರಿದರು. ಕಾನೂನಿನ ಕಣ್ಣಿಗೆ ಅದು ಅವರ ಅಪ್ಪನ ಆಸ್ತಿ. ಈಗ ನಾವು ಒಂದು ಮದುವೆ ಹಾಲಿನಲ್ಲಿ ಭಾನುವಾರ ಬೆಳಿಗ್ಗೆ ಮೂರು ತಾಸಿನ ಬಾಡಿಗೆ ಕೊಟ್ಟು ಆರಾಧನೆ ಮಾಡುತ್ತೇವೆ.

ಹೊರಗೆ ಬಂದರೆ ನಾಳೆ ಆ 22 ಗುಂಟೆ ಯಾರ ಹೆಸರಿಗೆ ಬರೆಸುತ್ತೀರಿ? ಇದಕ್ಕೆ ಉತ್ತರ ಇಟ್ಟುಕೊಂಡು ಹೊರಗೆ ಬನ್ನಿ. ಸಭೆಯನ್ನೇ ಸೊಸೈಟಿಯಾಗಿಯೋ ಟ್ರಸ್ಟ್ ಆಗಿಯೋ ನೋಂದಾಯಿಸಿ, ಆಸ್ತಿ ಮಾರುವುದಕ್ಕೆ ಇಡೀ ಸಭೆಯ ಒಪ್ಪಿಗೆ ಬೇಕು ಅಂತ ಬೈಲಾದಲ್ಲೇ ಬರೆಸಬೇಕು. ನಾವು ಮಾಡಲಿಲ್ಲ.

ಹನ್ನೆರಡುಮನೆ:

ನಾನು ಇಲ್ಲಿ ಎಲ್ಲರಿಗೂ ವಿರುದ್ಧ ಮಾತಾಡುತ್ತೇನೆ, ತಪ್ಪು ತಿಳಿಯಬೇಡಿ.

ನಮ್ಮ ಹಳ್ಳಿಯಲ್ಲಿ ಬರೀ ಹನ್ನೆರಡು ಮನೆ ಕ್ರೈಸ್ತರು. ಎಲ್ಲಾ ದಲಿತ ಕುಟುಂಬಗಳು. ಚರ್ಚಿನ ಹಿಂದಿನ ಸಮಾಧಿ ಜಾಗವನ್ನು ಪಕ್ಕದ ಹೊಲದವರು ಪ್ರತಿ ವರ್ಷ ಒಂದೊಂದು ಸಾಲು ಉಳುತ್ತಾ ಒಳಗೆ ಬಂದರು. ನಮಗೆ ಅವರ ಹೊಲದಲ್ಲೇ ಕೂಲಿ. ಎದುರು ನಿಂತು ಮಾತಾಡುವ ಧೈರ್ಯ ಯಾರಿಗಿತ್ತು? ಜಾಗ ಕೇಂದ್ರದ ಟ್ರಸ್ಟಿನ ಹೆಸರಲ್ಲಿ ಇದ್ದದ್ದಕ್ಕೆ ಕೇಸು ಹಾಕಿದ್ದು ಅವರು. 14 ವರ್ಷ ನಡೆಯಿತು. ಸರ್ವೆ ಮಾಡಿಸಿ ಕಲ್ಲು ನೆಡಿಸಿದರು. ನಮ್ಮ ಅವ್ವನನ್ನು ಅಲ್ಲೇ ಮಣ್ಣು ಮಾಡಿದೆವು.

ದೊಡ್ಡ ಪಟ್ಟಣದ ಸಭೆಗೆ ವಕೀಲರಿದ್ದಾರೆ, ಇಂಜಿನಿಯರ್ ಇದ್ದಾರೆ, ಸ್ವಾತಂತ್ರ್ಯ ಬೇಕು ಅನ್ನುತ್ತಾರೆ. ಸಣ್ಣ ಸಭೆಗೆ ಆ ದೊಡ್ಡ ಹೆಸರೇ ಬೇಲಿ. ಕೇಂದ್ರದ ಹೆಸರಲ್ಲಿ ಇರುವುದನ್ನೇ ಅನ್ಯಾಯ ಅನ್ನಬೇಡಿ. ಕೇಳದೆ ಲೀಸ್ ಕೊಟ್ಟದ್ದು ಅನ್ಯಾಯ, ಅದನ್ನು ಒಪ್ಪುತ್ತೇನೆ.

ಹೊಲದಬದು:

ಎಲ್ಲರಿಗೂ ಧನ್ಯವಾದ. ಹನ್ನೆರಡುಮನೆ ಅಣ್ಣ, ನಿಮ್ಮ ಮಾತು ಓದಿ ಸುಮಾರು ಹೊತ್ತು ಸುಮ್ನೆ ಕೂತೆ. ನಾನು ಈ ಕಡೆಯಿಂದ ಯೋಚನೆ ಮಾಡಿರಲಿಲ್ಲ.

ದಸ್ತಾವೇಜು ಸರ್, ನಾಳೆ ಬೆಳಿಗ್ಗೆಯೇ ಹೋಗುತ್ತೇನೆ. ಆದರೆ ಒಂದು ಪ್ರಶ್ನೆ ಹಾಗೇ ಉಳಿಯಿತು. ಬಹುಮತ ಇದ್ದರೆ ಸಭೆಯನ್ನೂ ಆಸ್ತಿಯನ್ನೂ ಹೊರಗೆ ತರಬಹುದಾ? ಹುಡುಗರು ಠರಾವು ಬರೆದು ಇಟ್ಟುಕೊಂಡಿದ್ದಾರೆ.

ಕರಿಕೋಟು_ಹಾಸನ:

ನಾನು ವಕೀಲ. ನಿಮ್ಮ ಕೇಸಿಗೆ ಸಲಹೆ ಅಂತ ತಿಳಿಯಬೇಡಿ, ಪತ್ರ ನೋಡದೆ ಸಲಹೆ ಕೊಡುವುದು ತಪ್ಪು. ಆದರೆ "ಬಹುಮತ ಇದೆ, ಠರಾವು ಮಾಡಿದರೆ ಆಸ್ತಿ ಬರುತ್ತದೆ" ಅನ್ನುವ ಮಾತಿಗೆ ಉತ್ತರ ಇದೆ.

1970ರಲ್ಲಿ ನಾಗಪುರದಲ್ಲಿ ಆರು ಪಂಗಡ ಸೇರಿ ಉತ್ತರ ಭಾರತ ಸಭೆ, ಅಂದರೆ ಸಿಎನ್‌ಐ ಆಯಿತು. ಗುಜರಾತಿನ ಬ್ರದರನ್ ಸಭೆ ಕೂಡ ಸೇರುತ್ತೇವೆ ಅಂತ ಠರಾವು ಮಾಡಿತು. ಅವರ ಆಸ್ತಿ ಒಂದು ನೋಂದಾಯಿತ ಸೊಸೈಟಿಯ ಹೆಸರಲ್ಲಿ, ಬಾಂಬೆ ಸಾರ್ವಜನಿಕ ಟ್ರಸ್ಟ್ ಕಾಯಿದೆಯ ಕೆಳಗೆ ಇತ್ತು. ಕೆಲವರು ನಾವು ಸೇರಲ್ಲ, ಹಳೆಯ ಸಭೆ ಇನ್ನೂ ಇದೆ, ಆಸ್ತಿ ಅದರದೇ ಅಂತ ಹೇಳಿದರು. ಸಿಎನ್‌ಐ ಕಡೆಯವರು, ಠರಾವು ಆಗಿದೆ, ಎಲ್ಲಾ ನಮಗೆ ಬಂತು ಅಂದರು. ಕೇಸು ನಲವತ್ತು ವರ್ಷ ಎಳೆಯಿತು. 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು. ಠರಾವು ಮಾಡಿದ ಮಾತ್ರಕ್ಕೆ ಸೊಸೈಟಿ ಮುಚ್ಚಿ ಹೋಗುವುದಿಲ್ಲ. ಅದನ್ನು ಕಾಯಿದೆಯ ಪ್ರಕಾರ ವಿಸರ್ಜನೆ ಮಾಡಬೇಕು. ಮಾಡಿಲ್ಲ ಅಂದಮೇಲೆ ಆಸ್ತಿ ಹಳೆಯ ಕಡೆಯೇ ಉಳಿಯಿತು.

ನೋಡಿ, ಅಲ್ಲಿ ಠರಾವನ್ನು ನಂಬಿಕೊಂಡದ್ದು ದೊಡ್ಡ ಸಂಸ್ಥೆ. ಗೆದ್ದದ್ದು ಸಣ್ಣ ಗುಂಪು. ನಿಮ್ಮಲ್ಲಿ ಠರಾವು ಹಿಡಿದಿರುವುದು ನೀವು. ಕಾನೂನು ಎರಡೂ ಕಡೆಗೆ ಒಂದೇ.

ಇದಕ್ಕಿಂತ ಹಳೆಯದು ಸ್ಕಾಟ್ಲೆಂಡಿನದು. 1900ರಲ್ಲಿ ಅಲ್ಲಿನ ಫ್ರೀ ಚರ್ಚ್ ಬೇರೆ ಒಂದು ಸಭೆಯ ಜೊತೆ ಸೇರಿತು. ಸಣ್ಣ ಗುಂಪೊಂದು ಮಾತ್ರ ಒಪ್ಪಲಿಲ್ಲ. 1904ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್, ದಾನ ಕೊಟ್ಟವರು ಯಾವ ತತ್ವಕ್ಕಾಗಿ ಕೊಟ್ಟರೋ ಅದನ್ನು ಹಿಡಿದುಕೊಂಡಿರುವವರು ಈ ಸಣ್ಣ ಗುಂಪೇ ಅಂತ ಹೇಳಿ ಇಡೀ ದೇಶದ ಚರ್ಚು, ಕಾಲೇಜು, ದುಡ್ಡು ಎಲ್ಲಾ ಅವರಿಗೇ ಕೊಟ್ಟುಬಿಟ್ಟಿತು. ಅಷ್ಟನ್ನು ನಡೆಸುವುದಕ್ಕೆ ಅವರ ಹತ್ತಿರ ಜನವೇ ಇರಲಿಲ್ಲ. ಮರುವರ್ಷ ಪಾರ್ಲಿಮೆಂಟು ಹೊಸ ಕಾಯಿದೆ ಮಾಡಿ ಆಸ್ತಿ ಹಂಚಬೇಕಾಯಿತು.

ಆಸ್ತಿ ತಲೆ ಎಣಿಸಿ ಬರುವುದಲ್ಲ. ಯಾವ ಉದ್ದೇಶಕ್ಕೆ, ಯಾವ ಷರತ್ತಿಗೆ, ಯಾರ ಹೆಸರಲ್ಲಿ ಬಂತು ಅನ್ನುವುದನ್ನು ನೋಡುತ್ತಾರೆ. ನಮ್ಮ ಪಕ್ಕದ ಕೇರಳದ ಆರ್ಥೊಡಾಕ್ಸ್ ಮತ್ತು ಜಾಕೊಬೈಟ್ ಅನ್ನುವ ಎರಡು ಕ್ರೈಸ್ತ ಪಂಗಡಗಳ ಜಗಳ ಗೊತ್ತಿರಬೇಕು. ಎಷ್ಟೋ ಊರುಗಳಲ್ಲಿ ಜಾಕೊಬೈಟರೇ ಜಾಸ್ತಿ. ಆದರೂ 2017ರ ಜುಲೈ 3ರಂದು ಸುಪ್ರೀಂ ಕೋರ್ಟು, ಅಲ್ಲಿನ ಪ್ರತಿಯೊಂದು ಸಭೆಯೂ ಆರ್ಥೊಡಾಕ್ಸ್ ಕಡೆಯವರು ಹಿಡಿದ 1934ರ ಸಂವಿಧಾನದ (ಸಭೆಯ ನಿಯಮಾವಳಿಯ) ಪ್ರಕಾರವೇ ನಡೆಯಬೇಕು ಅಂತ ತೀರ್ಪು ಕೊಟ್ಟಿತು. ಆಮೇಲೆ ಊರೂರಲ್ಲಿ ಬಾಗಿಲಿನ ಮುಂದೆ ಪೊಲೀಸರು. ಹೆಣ ಹೂಳುವುದಕ್ಕೂ ಜಗಳವಾಗಿ 2020ರಲ್ಲಿ ಸಮಾಧಿ ಹಕ್ಕಿಗೆ ಅಂತಲೇ ಕೇರಳ ಸರ್ಕಾರ ಒಂದು ಕಾಯಿದೆ ತಂದಿತು. ದಯವಿಟ್ಟು ನಿಮ್ಮ ಸಭೆಯನ್ನು ಆ ದಾರಿಗೆ ತಳ್ಳಬೇಡಿ.

ಹಾಗಾದರೆ ನಿಮ್ಮ ಕೈಯಲ್ಲಿ ಏನಿದೆ? ಇದೆ. ಕೇಂದ್ರದ ಟ್ರಸ್ಟ್ ಹೆಸರಲ್ಲೇ ಪತ್ರ ಇದ್ದರೂ ಅವರು ಅದಕ್ಕೆ ಸ್ವಂತ ಮಾಲೀಕರ ಥರ ಇರಲು ಆಗುವುದಿಲ್ಲ. ಧಾರ್ಮಿಕ ಉದ್ದೇಶಕ್ಕೆ ಹಿಡಿದುಕೊಂಡವರು ಅವರು. ಸಾರ್ವಜನಿಕ ಧರ್ಮಾರ್ಥ ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಇಬ್ಬರು ಅಥವಾ ಹೆಚ್ಚು ಜನ, ಕೋರ್ಟಿನ ಅನುಮತಿ ಪಡೆದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನ ಕೆಳಗೆ ದಾವೆ ಹಾಕಬಹುದು. ಲೆಕ್ಕ ಕೇಳಬಹುದು, ಟ್ರಸ್ಟಿಯನ್ನು ತೆಗೆಯಿರಿ ಅನ್ನಬಹುದು, ಆಡಳಿತಕ್ಕೆ ಯೋಜನೆ ಮಾಡಿಕೊಡಿ ಅನ್ನಬಹುದು. ದಾವೆ ನಡೆಯುತ್ತಿರುವಾಗ ಆಸ್ತಿಯನ್ನು ಬೇರೆಯವರಿಗೆ ಕೊಟ್ಟರೂ ತೆಗೆದುಕೊಂಡವನು ತೀರ್ಪಿಗೆ ಬದ್ಧ. ಇನ್ನೊಂದು, ಕೆಲವು ಕೇಂದ್ರ ಟ್ರಸ್ಟ್‌ಗಳು ಲಾಭವಿಲ್ಲದ ಕಂಪನಿಯಾಗಿ ನೋಂದಣಿ ಆಗಿರುತ್ತವೆ. ದಕ್ಷಿಣ ಭಾರತ ಸಭೆಯ ಟ್ರಸ್ಟ್ ಅಸೋಸಿಯೇಷನ್ ಹಾಗೆಯೇ, 1947ರಲ್ಲಿ ಹಳೆಯ ಕಂಪನಿ ಕಾಯಿದೆಯ ಕೆಳಗೆ ಆದದ್ದು. ನಿಮ್ಮದೂ ಕಂಪನಿ ಆಗಿದ್ದರೆ ಅದರ ವಾರ್ಷಿಕ ಲೆಕ್ಕ, ನಿಯಮಾವಳಿ ಎಲ್ಲಾ ಕಂಪನಿ ಇಲಾಖೆಯ ಜಾಲತಾಣದಲ್ಲಿ ಫೀಸು ಕಟ್ಟಿ ನೋಡಬಹುದು. ಆಸ್ತಿ ಲೀಸ್ ಕೊಡುವ ಮೊದಲು ಯಾರನ್ನು ಕೇಳಬೇಕು ಅಂತ ನಿಮ್ಮ ಡಯಾಸಿಸ್ ಸಂವಿಧಾನದಲ್ಲಿ ಏನು ಬರೆದಿದೆ? ಅದನ್ನು ಓದಿದವರು ನಿಮ್ಮ ಸಭೆಯಲ್ಲಿ ಎಷ್ಟು ಜನ ಇದ್ದಾರೆ ಕೇಳಿ ನೋಡಿ.

ಜೆಪ್ಪು_ಹೆಂಚು:

ಇಲ್ಲಿ ಇತಿಹಾಸದ ಒಂದು ಮಾತು ಸೇರಿಸುತ್ತೇನೆ. ಮಂಗಳೂರು ಕಡೆಯವರಿಗೆ ಇದು ಮನೆಯಲ್ಲೇ ಕೇಳಿದ ಕಥೆ.

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಕ್ರೈಸ್ತರಾದವರಿಗೆ ಜಾತಿ, ಕಸುಬು, ಮನೆ ಎಲ್ಲಾ ತಪ್ಪಿಹೋಗುತ್ತಿತ್ತು, ಅದಕ್ಕೆ ನೇಯ್ಗೆ ಶುರು ಮಾಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ. ಮಂಗಳೂರು ಹೆಂಚು ಅಂತ ನಾಡೆಲ್ಲಾ ಹೆಸರಾದದ್ದು ಅಲ್ಲಿಂದ. ಅದರಲ್ಲಿ ಮಣ್ಣು ಹದ ಮಾಡಿದವರು, ಸುಟ್ಟವರು, ಹೊತ್ತವರು ನಮ್ಮ ಸಭೆಯವರೇ. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಹಿಡಿದು ಕಳಿಸಿದರು. ಕಾರ್ಖಾನೆಗಳು ಶತ್ರುಗಳ ಆಸ್ತಿ ಅಂತ ಸರ್ಕಾರದ ಕೈಗೆ ಹೋಗಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಗೆ ಹೋದವು. ನಮ್ಮವರನ್ನು ಯಾರು ಕೇಳಿದರು? ಪತ್ರದಲ್ಲಿ ಅವರ ಹೆಸರೇ ಇರಲಿಲ್ಲ. ಎರಡು ತಲೆಮಾರು ದುಡಿದ ಜಾಗ, ಯಾವುದೋ ದೇಶಗಳ ಯುದ್ಧಕ್ಕೆ ಕೈಬಿಟ್ಟು ಹೋಯಿತು.

ಬಳ್ಳಾರಿ, ಬೆಂಗಳೂರು ಕಡೆ ಲಂಡನ್ ಮಿಷನ್ನಿನವರು ಇದ್ದರು. ಅವರ ಪದ್ಧತಿ ಇನ್ನೂ ವಿಚಿತ್ರ. ಪ್ರತಿ ಸಭೆಯೂ ತನ್ನನ್ನು ತಾನೇ ಆಳಬೇಕು, ಮೇಲೆ ಬಿಷಪ್ ಬೇಡ ಅನ್ನುವ ಪರಂಪರೆಯಿಂದ ಬಂದವರು ಅವರು. ಆದರೆ ಇಲ್ಲಿ ಮಿಷನ್ ಕಾಂಪೌಂಡುಗಳು ಇದ್ದದ್ದು ಸೊಸೈಟಿಯ ಕೈಯಲ್ಲಿ. 1947ರಲ್ಲಿ ಅವರ ಸಭೆಗಳೂ ಸೇರಿ ದಕ್ಷಿಣ ಭಾರತ ಸಭೆ ಆದಾಗ ಬಿಷಪ್‌ರನ್ನೂ ಒಪ್ಪಿಕೊಂಡರು. ಹೀಗಾಗಿ ನಮ್ಮ ಹಿರಿಯರಿಗೆ ತಮ್ಮ ಸಭೆಯ ಪತ್ರ ತಾವು ನೋಡುವ ಅಭ್ಯಾಸವೇ ಬರಲಿಲ್ಲ. ಮೊದಲು ಮಿಷನರಿ ದೊರೆ ನೋಡಿಕೊಂಡರು, ಆಮೇಲೆ ಆಫೀಸು ನೋಡಿಕೊಂಡಿತು. ಹೊಲದಬದು ಅವರ ಅಜ್ಜ ಹರಾಜಿನ ಲೆಕ್ಕ ಬರೆದಿಟ್ಟದ್ದು ಅದಕ್ಕೇ ನನಗೆ ದೊಡ್ಡ ವಿಷಯ ಅನ್ನಿಸುತ್ತದೆ.

ವಾಳೆಯ_ಗುರಿಕಾರ:

ನಾನು ಕ್ಯಾಥೊಲಿಕ. ನಮ್ಮಲ್ಲಿ ಬಿಷಪ್ ಹೇಳಿದ್ದೇ ಕೊನೆ, ಜನರಿಗೆ ಏನೂ ಇಲ್ಲ ಅಂತ ಹೊರಗಿನವರು ತಿಳಿದಿರುತ್ತಾರೆ. ಧರ್ಮಸಭೆಯ ಕಾನೂನು ಓದಿದರೆ ಹಾಗಿಲ್ಲ. 1983ರ ಸಂಹಿತೆಯ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೂ, ಅಂದರೆ ಪ್ಯಾರಿಷ್‌ಗೂ, ತನ್ನದೇ ಕಾನೂನು ವ್ಯಕ್ತಿತ್ವ ಇದೆ. ಆಸ್ತಿಯನ್ನು ಯಾರು ಸಂಪಾದಿಸಿದರೋ ಅದು ಅವರದೇ, ಪೋಪರ ಪರಮಾಧಿಕಾರದ ಕೆಳಗೆ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಎರಡು ನಿಯಮ ನನಗೆ ತುಂಬಾ ಇಷ್ಟ. ಒಂದು ಉದ್ದೇಶಕ್ಕೆ ಭಕ್ತರು ಕೊಟ್ಟ ಕಾಣಿಕೆಯನ್ನು ಅದೇ ಉದ್ದೇಶಕ್ಕೆ ಬಳಸಬೇಕು. ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು.

ನಮ್ಮ ವಾಳೆಯಲ್ಲಿ, ಅಂದರೆ ಧರ್ಮಕೇಂದ್ರದ ನಮ್ಮ ಕಡೆಯ ಮನೆಗಳ ಗುಂಪಿನಲ್ಲಿ, ಇದನ್ನು ಹೇಳಿದಾಗ ಹಿರಿಯರೇ ಆಶ್ಚರ್ಯಪಟ್ಟರು. ನಾನು ವಾಳೆಯ ಮುಖಂಡ, ಅಂದರೆ ಗುರಿಕಾರನಾದ ಮೇಲೆ ಪ್ರತಿ ಮೂರು ತಿಂಗಳಿಗೆ ಲೆಕ್ಕವನ್ನು ಚರ್ಚಿನ ಬಾಗಿಲಲ್ಲಿ ಅಂಟಿಸಿ ಅಂತ ಕೇಳಿದೆ. ಫಾದರ್ ಮೊದಲು ಮುಖ ಸಣ್ಣ ಮಾಡಿಕೊಂಡರು, ಈಗ ಅವರೇ ಅಂಟಿಸುತ್ತಾರೆ. ಆದರೆ ಸರ್ಕಾರದ ಪತ್ರದಲ್ಲಿ ಯಾರ ಹೆಸರಿದೆ ಅನ್ನುವುದು ನಮ್ಮಲ್ಲೂ ಬೇರೆಯೇ ವಿಷಯ. ಧರ್ಮಸಭೆಯ ಕಾನೂನಿನಲ್ಲಿ ಧರ್ಮಕೇಂದ್ರದ್ದು, ಪಹಣಿಯಲ್ಲಿ ಬಿಷಪ್ಪರದು. ಜಗಳ ಕೋರ್ಟಿಗೆ ಹೋದರೆ ಎರಡಕ್ಕೂ ಉತ್ತರ ಹೇಳಬೇಕಾಗುತ್ತದೆ.

ಡಲ್ಲಾಸ್_ಕನ್ನಡತಿ:

ಬೀದರ್ ಮೆಥಡಿಸ್ಟ್ ಮನೆಯವಳು ನಾನು, ಇಲ್ಲಿಗೆ ಬಂದು 19 ವರ್ಷ ಆಯಿತು. ಹೊರಗೆ ಹೋಗುವುದು ಹೇಗಿರುತ್ತದೆ ಅಂತ ನೋಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಯಲ್ಲಿ ಪ್ರತಿ ಊರಿನ ಚರ್ಚಿನ ಪತ್ರದಲ್ಲಿ ಒಂದು ಷರತ್ತು ಇರುತ್ತದೆ. ಹೆಸರು ಊರಿನ ಸಭೆಯದೇ ಇರಬಹುದು, ಆದರೆ ಅದನ್ನು ಇಡೀ ಪಂಗಡದ ಪರವಾಗಿ ಹಿಡಿದುಕೊಂಡಿದ್ದೇವೆ ಅಂತ. ಹೊರಗೆ ಹೋದರೆ ಕಟ್ಟಡ ಬಿಟ್ಟು ಹೋಗಬೇಕು. 2019ರಲ್ಲಿ ವಿಶೇಷ ಅಧಿವೇಶನ ಮಾಡಿ ಒಂದು ಬಾಗಿಲು ತೆರೆದರು. ಸಭೆಯಲ್ಲಿ ಹಾಜರಿದ್ದ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದರೆ, ಪಂಗಡಕ್ಕೆ ಕೊಡಬೇಕಾದ ಎರಡು ವರ್ಷದ ಪಾಲಿನ ಹಣ ಮತ್ತು ಪಾಸ್ಟರ್‌ಗಳ ಪಿಂಚಣಿಯ ಬಾಕಿ ಕಟ್ಟಿದರೆ, ಕಟ್ಟಡದ ಜೊತೆ ಹೊರಗೆ ಹೋಗಬಹುದು. 2023ರ ಡಿಸೆಂಬರ್ 31ಕ್ಕೆ ಆ ಬಾಗಿಲು ಮುಚ್ಚಿತು. ಅಷ್ಟರೊಳಗೆ 7,600ಕ್ಕೂ ಹೆಚ್ಚು ಸಭೆಗಳು ಹೋದವು, ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು.

ನಾನು ಹೋಗುತ್ತಿದ್ದ ಸಣ್ಣ ಸಭೆಯೂ ಹೋಯಿತು. ವೋಟಿನಲ್ಲಿ ಗೆದ್ದವರು ಅತ್ತರು, ಸೋತವರೂ ಅತ್ತರು. 40 ವರ್ಷ ಪಕ್ಕಪಕ್ಕದ ಬೆಂಚಿನಲ್ಲಿ ಕೂತ ಇಬ್ಬರು ಅಜ್ಜಿಯರು ಈಗ ಬೇರೆ ಬೇರೆ ಚರ್ಚಿಗೆ ಹೋಗುತ್ತಾರೆ. ಕಟ್ಟಡ ಉಳಿಯಿತು, ಹಾಡುವವರು ಅರ್ಧ ಆದರು. ಹೊಲದಬದು ಅಣ್ಣ, ನಿಮ್ಮ ಜಗಳ ಇರುವುದು ಒಂದು ಲೀಸಿನ ಮೇಲೆ. ನಂಬಿಕೆಯ ಮೇಲಲ್ಲ. ಲೀಸ್ ರದ್ದಾದರೆ ಸಾಕಾಗುತ್ತದಾ ಅಂತ ಮೊದಲು ನಿಮ್ಮವರನ್ನು ಕೇಳಿ.

ಹೊಲದಬದು:

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನಾಲ್ಕು ಸಲ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆ. ಪತ್ರ ಸಿಕ್ಕಿತು!

1963ರ ಕ್ರಯಪತ್ರದಲ್ಲಿ ಕೊಂಡವರ ಜಾಗದಲ್ಲಿ "ಈ ಊರಿನ ಕ್ರೈಸ್ತ ಸಭೆಯ ಪರವಾಗಿ ಸಭೆಯ ಹಿರಿಯರು" ಅಂತ ಬರೆದು ಮೂರು ಜನರ ಹೆಸರಿದೆ. ಒಂದು ಹೆಸರು ನಮ್ಮ ಅಜ್ಜನದು. ಅವರ ಹೆಬ್ಬೆಟ್ಟಲ್ಲ, ಸಹಿ. ಕೌಂಟರಿನ ಮುಂದೆ ನಿಂತಲ್ಲೇ ಕಣ್ಣು ತುಂಬಿ ಬಂತು. ಕೆಳಗೆ ಉದ್ದೇಶ ಕೂಡ ಬರೆದಿದೆ, "ಸಭೆಯ ಮಕ್ಕಳ ಶಿಕ್ಷಣ ಮತ್ತು ಸಭೆಯ ಕೂಟಗಳ ಉಪಯೋಗಕ್ಕಾಗಿ".

1963ರಿಂದ ಈವರೆಗೆ ಆ ಜಾಗವನ್ನು ಯಾರ ಹೆಸರಿಗೂ ವರ್ಗ ಮಾಡಿದ ಪತ್ರ ಇಲ್ಲ. 2004ರಿಂದ ಈಚೆಗೆ ಇಸಿ ನಮೂನೆ 16 ಬಂದಿದೆ. ಅಂದರೆ 30 ವರ್ಷದ ಲೀಸ್ ನೋಂದಣಿ ಆಗಿಲ್ಲ. ಆದರೆ ಖಾತಾ ಮಾತ್ರ 1990ರ ಸುಮಾರಿಗೆ ಡಯಾಸಿಸ್ ಟ್ರಸ್ಟಿನ ಹೆಸರಿಗೆ ಹೋಗಿದೆ. ಹೇಗೆ ಹೋಯಿತು ಅಂತ ಪುರಸಭೆಯಲ್ಲಿ ಕೇಳಿದರೆ, ಹಳೆಯ ಕಡತ ಹುಡುಕಬೇಕು ಅಂದರು.

ಅಯ್ಯನವರಿಗೆ ತೋರಿಸಿದೆ. ಅವರು ಬೇರೇನೂ ಹೇಳದೆ ಪ್ರಾರ್ಥನೆ ಮಾಡಿದರು. ಆಮೇಲೆ ಸಭಾ ಕಮಿಟಿ ಕರೆದರು. ಡಯಾಸಿಸ್ ಬಿಡುವ ಠರಾವನ್ನು ಹುಡುಗರೇ ಹಿಂದೆ ತೆಗೆದುಕೊಂಡರು. ಅದರ ಬದಲು ಮೂರು ಸಾಲಿನ ಒಂದು ಪತ್ರ ಕಳಿಸಿದ್ದೇವೆ. ಲೀಸ್ ಕರಾರಿನ ನಕಲು ಕೊಡಿ, ಖಾತಾ ಯಾವ ಪತ್ರದ ಆಧಾರದಲ್ಲಿ ಬದಲಾಯಿತು ತಿಳಿಸಿ, ಉತ್ತರ ಬರುವ ತನಕ ಕೆಲಸ ನಿಲ್ಲಿಸಿ. ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದೇವೆ, ಎಲ್ಲಾ ಮನೆಯವರೂ ಸಹಿ ಹಾಕಿದ್ದಾರೆ. ಬೇಡ ಅಂದಿದ್ದ ಮನೆಗಳೂ ಹಾಕಿವೆ.

ಹರಾಜಿನ ಪುಸ್ತಕವನ್ನು ಏನು ಮಾಡಲಿ? ಕಮಿಟಿಯವರು ಕೇಳುತ್ತಿದ್ದಾರೆ.

ಹಳೇದಸ್ತಾವೇಜು:

ತುಂಬಾ ಸಂತೋಷ ತಮ್ಮಾ. ಪುಸ್ತಕದ ಪ್ರತಿ ಪುಟ ಸ್ಕ್ಯಾನ್ ಮಾಡಿಸಿ. ಖಾಲಿ ಪುಟವನ್ನೂ ಬಿಡಬೇಡಿ. ಕಮಿಟಿಗೆ ನಕಲು ಕೊಡಿ. ಮೂಲವನ್ನು ಯಾರ ಕೈಗೂ ಕೊಡಬೇಡಿ, ಕೋರ್ಟು ಕೇಳಿದರೆ ಮಾತ್ರ ವಕೀಲರ ಮೂಲಕ. ಟ್ರಂಕಿನಲ್ಲಿ ಗೆದ್ದಲು ಹಿಡಿಯದ ಹಾಗೆ ನೋಡಿಕೊಳ್ಳಿ.

ಖಾತಾದ ಕಡತಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಚರ್ಚಿಗೆ ಅದು ಅನ್ವಯಿಸುವುದಿಲ್ಲ, ಪುರಸಭೆಗೆ ಅನ್ವಯಿಸುತ್ತದೆ.

ಕರಿಕೋಟು_ಹಾಸನ:

ಉದ್ದೇಶ ಪತ್ರದಲ್ಲೇ ಬರೆದಿರುವುದು ನಿಮಗೆ ದೊಡ್ಡ ಬಲ. ಆದರೆ ಆ ಮೂವರು ಹಿರಿಯರೂ ಈಗ ಇಲ್ಲ ಅಂತ ಕಾಣುತ್ತದೆ. ಅವರ ಜಾಗದಲ್ಲಿ ಈಗ ಯಾರು ಅನ್ನುವ ಪ್ರಶ್ನೆಯನ್ನು ಎದುರಿನವರು ಮೊದಲ ದಿನವೇ ಎತ್ತುತ್ತಾರೆ. 1963ರಿಂದ ಈಚೆಗೆ ಸಭೆಯ ಹಿರಿಯರ ಆಯ್ಕೆ ನಡೆದ ನಡಾವಳಿ ಪುಸ್ತಕಗಳನ್ನು ಒಂದೂ ಬಿಡದೆ ಕೂಡಿಸಿ. ಉತ್ತರ ಬಂದ ದಿನ ಇಲ್ಲಿ ಬರೆಯಿರಿ, ಖಾಸಗಿಯಾಗಿ ಪತ್ರ ಕಳಿಸಿದರೆ ಓದಿ ಹೇಳುತ್ತೇನೆ. ಫೀಸು ಬೇಡ.

ಹೊಲದಬದು:

ನಡಾವಳಿ ಪುಸ್ತಕ 1971ರಿಂದ 1978ರ ತನಕದ್ದು ಇಲ್ಲ ಸರ್. ಆಗ ಕಾರ್ಯದರ್ಶಿ ಆಗಿದ್ದವರ ಮಗಳು ಹುಬ್ಬಳ್ಳಿಯಲ್ಲಿದ್ದಾರೆ, ಭಾನುವಾರ ಆರಾಧನೆ ಮುಗಿಸಿ ಅಲ್ಲಿಗೆ ಹೋಗಿ ಕೇಳುತ್ತೇನೆ. ಅವರಿಗೆ 81 ವರ್ಷ. ಫೋನಿನಲ್ಲಿ ಹೆಸರು ಹೇಳಿದ ಕೂಡಲೇ "ಕುಂಬಳಕಾಯಿ ಕೂಗುತ್ತಿದ್ದವರ ಮೊಮ್ಮಗನಾ?" ಅಂತ ಕೇಳಿದರು.